ಮಿಂಟ್ ಮಾವ

ಹಳೇ ಚಿತ್ರಪುಸ್ತಕಗಳನ್ನು ಫೋನಿನಲ್ಲಿ ಕೊಳ್ಳುವವರದ್ದೇ ಒಂದು ಜಾತಿ. ಓದುವವರು ಪುಸ್ತಕ ತೆರೆಯುತ್ತಾರೆ, ವ್ಯಾಪಾರಿಗಳು ಕೊಂಡದ್ದನ್ನು ಎಂದಾದರೂ ಮಾರುತ್ತಾರೆ; ಇವರು ಎರಡನ್ನೂ ಮಾಡುವವರಲ್ಲ. ಕೊಳ್ಳುತ್ತಾರೆ, ಪ್ಲಾಸ್ಟಿಕ್ ಚೀಲಕ್ಕೆ ಇಳಿಸುತ್ತಾರೆ, ಕಪಾಟಿಗೆ ಬೀಗ ಜಡಿಯುತ್ತಾರೆ, ಆಮೇಲೆ ಇದಕ್ಕಿಂತ ಚೆನ್ನಾದ ಪ್ರತಿ ಯಾರ ಹತ್ತಿರ ಇರಬಹುದೆಂದು ಯೋಚಿಸುತ್ತ ನಿದ್ದೆಗೆಡುತ್ತಾರೆ. ಬೆಂಗಳೂರು, ಚೆನ್ನೈಗಳಲ್ಲಿ ಈ ಜಾತಿಯವರು ಹೇರಳವಾಗಿದ್ದಾರಂತೆ. ನನ್ನ ಹಣೆಯಲ್ಲಿ ಬರೆದಿದ್ದವರು ಮಾತ್ರ ಕೊಚ್ಚಿ ಹತ್ತಿರದ ಕಳಮಶ್ಶೇರಿಯಲ್ಲಿ, ನಮ್ಮ ಫ್ಲ್ಯಾಟಿನ ಮೇಲಿನ ಮಹಡಿಯಲ್ಲೇ ಇದ್ದಾರೆ.

ಅವರ ಊರು ಕಾಸರಗೋಡಿನ ಕಡೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಕಾಲದ ಆಚೀಚೆ ಹುಟ್ಟಿ, ಕನ್ನಡ ಶಾಲೆಯಲ್ಲಿ ಓದಿ, ಇಲ್ಲಿನ ಎಚ್‌ಎಂಟಿಯಲ್ಲಿ ಕೆಲಸ ಹಿಡಿದು ನಿವೃತ್ತರಾದವರು. ಯಾವ ಪುಸ್ತಕದ ಸುದ್ದಿ ಬಂದರೂ ಅವರ ಮೊದಲ ಪ್ರಶ್ನೆ, "ಮಿಂಟ್ ಉಂಟಾ?" ಅಂದರೆ ಇವತ್ತು ಬೆಳಿಗ್ಗೆ ಅಚ್ಚಿನಿಂದ ಇಳಿದಷ್ಟು ಹೊಸದಾಗಿದೆಯೇ ಎಂದು. ನಮ್ಮ ಮಗಳು ಅದನ್ನು ಕೇಳಿ ಕೇಳಿ ಅವರಿಗೆ ಮಿಂಟ್ ಮಾವ ಎಂದು ಹೆಸರಿಟ್ಟಳು. ಅವರ ಕೈಯಿಂದ ಪೆಪ್ಪರ್‌ಮಿಂಟ್ ಸಿಕ್ಕೀತೆಂಬ ಆಸೆಯೂ ಅವಳಿಗಿತ್ತು. ಅದು ಇನ್ನೂ ಕೈಗೂಡಿಲ್ಲ.

ಎಚ್‌ಎಂಟಿ ಎಂದರೆ ಕೈಗಡಿಯಾರ ಎಂದಷ್ಟೇ ತಿಳಿದಿದ್ದ ನನಗೆ, ಕಳಮಶ್ಶೇರಿಯ ಘಟಕದಲ್ಲಿ ಲೇತುಗಳ ಜತೆಗೆ ಆಫ್‌ಸೆಟ್ ಮುದ್ರಣಯಂತ್ರಗಳೂ ತಯಾರಾಗುತ್ತಿದ್ದವೆಂದು ಹೇಳಿಕೊಟ್ಟವರೇ ಅವರು. ಮಾವ ಇದ್ದದ್ದು ಆ ಯಂತ್ರಗಳ ವಿಭಾಗದಲ್ಲಿ. ಹಾಗಾಗಿ ಪುಸ್ತಕ ಕೈಗೆ ಬಂದ ಕೂಡಲೇ ಕಣ್ಣಿಗೆ ಭೂತಗನ್ನಡಿ ಏರುತ್ತದೆ. ನಾಲ್ಕು ಬಣ್ಣದ ಚುಕ್ಕಿಗಳು ಸಾಲು ತಪ್ಪದೆ ಕೂತಿವೆಯೇ, ಕೆಂಪು ಬಣ್ಣ ಸರಿದು ರಾಜಕುಮಾರಿಯ ತುಟಿ ಕೆನ್ನೆಗೆ ಹೋಗಿದೆಯೇ, ಮುಖಪುಟ ಅಸಲೋ ಕಲರ್ ಜೆರಾಕ್ಸೋ ಎಂದೆಲ್ಲ ಕ್ಷಣದಲ್ಲಿ ಹೇಳಿಬಿಡುತ್ತಾರೆ. ಜೆರಾಕ್ಸ್ ಮುಖಪುಟ ಅಂಟಿಸಿ ಅಸಲೆಂದು ಮಾರುವವರು ಈ ಲೋಕದಲ್ಲಿ ಬೇಕಾದಷ್ಟು ಜನ. ಮಾವನ ಕಣ್ಣು ತಪ್ಪಿಸಿದವನನ್ನು ನಾನು ಕಂಡಿಲ್ಲ. ಅದೇ ಮಾವ ಸಂಜೆ ಲಿಫ್ಟಿನಲ್ಲಿ ನನ್ನ ಗುರುತು ಹಿಡಿಯುವುದು ನಾನು ಮಾತಾಡಿದ ಮೇಲೆ.

ಗುರುತು ಹಿಡಿದರೆಂದರೆ ಲಿಫ್ಟು ಮೇಲೆ ಮುಟ್ಟುವಷ್ಟರಲ್ಲಿ ಒಂದು ಉಪನ್ಯಾಸ ಮುಗಿಯಬೇಕು. ಅಮರ ಚಿತ್ರ ಕಥಾ ಮುಂಬಯಿಯಲ್ಲಿ 'ಕೃಷ್ಣ'ದಿಂದ ಶುರುವಾಯಿತೆಂದು ಲೋಕವೆಲ್ಲ ನಂಬಿದೆಯಷ್ಟೆ? ಹಾಗಾದರೆ ಇಂಗ್ಲಿಷ್ 'ಕೃಷ್ಣ'ದ ಮೇಲೆ 11 ಎಂದು ಯಾಕೆ ಇತ್ತು? ಮೊದಲ ಹತ್ತು ಎಲ್ಲಿ ಹೋದವು? "ಕನ್ನಡದಲ್ಲಿ ಬಂದವು ಮಾರಾಯಾ, ಕನ್ನಡದಲ್ಲಿ!" ಎಂದು ಲಿಫ್ಟಿನ ಗೋಡೆ ಬಡಿಯುತ್ತಾರೆ. ಬೆಂಗಳೂರಿನ ಇಂಡಿಯಾ ಬುಕ್ ಹೌಸಿನ ಜಿ. ಕೆ. ಅನಂತರಾಮ್ 1965ರಲ್ಲಿ ಸಿಂಡ್ರೆಲಾ, ಸ್ನೋ ವೈಟ್ ಮುಂತಾದ ಹೊರದೇಶದ ಕಥೆಗಳನ್ನು ಕನ್ನಡಕ್ಕೆ ತಂದದ್ದೇ ಆ ಮೊದಲ ಹತ್ತು. ಆಮೇಲೆ ಬಂದ ಅನಂತ ಪೈ ಕೂಡ ಕಾರ್ಕಳದಲ್ಲಿ ಹುಟ್ಟಿದವರು. ಕೇಳಿದಾಗ ನನಗೂ ಹೆಮ್ಮೆಯಾಯಿತು. ಆದರೆ ಅದೇ ಹೆಮ್ಮೆಯನ್ನು ತರಕಾರಿ ಚೀಲ ಹಿಡಿದುಕೊಂಡು ಪದೇ ಪದೇ ಪಡುವುದು ಕಷ್ಟ. ಆ ಹತ್ತರಲ್ಲಿ ಒಂದು ಕನ್ನಡ ಪ್ರತಿ ಸಿಕ್ಕಿದರೆ ಮಾವ ಎಚ್‌ಎಂಟಿಯ ಗ್ರಾಚ್ಯುಟಿಯನ್ನೇ ಕರಗಿಸುತ್ತಾರೆಂದು ಅವರ ಹೆಂಡತಿಗೆ, ಅಂದರೆ ನಮ್ಮ ಅತ್ತೆಗೆ, ಭಯ.

ಈ ಭಯದಿಂದಲೇ ನನ್ನ ಕಷ್ಟ ಹುಟ್ಟಿದ್ದು. ಅತ್ತೆಯ ಕಣ್ಣಿಗೆ ಬೀಳಬಾರದೆಂದು ಮಾವನ ಪಾರ್ಸಲುಗಳೆಲ್ಲ ನನ್ನ ಹೆಸರಿಗೆ ಬರುತ್ತವೆ. ವಾಚ್‌ಮನ್ "ಸಾರೇ, ಪಿನ್ನೆಯುಂ ಪಾರ್ಸಲ್", ಮತ್ತೆ ಪಾರ್ಸಲ್, ಎಂದು ನಗುತ್ತಾನೆ. ಒಟಿಪಿ ಹೇಳುವವನು ನಾನು. ಹೆಂಡತಿಯ ಪ್ರಶ್ನೆಗಳಿಗೆ ಉತ್ತರ ಕೊಡುವವನೂ ನಾನೇ. ಅಷ್ಟಕ್ಕೇ ಮುಗಿದಿದ್ದರೆ ಸಹಿಸುತ್ತಿದ್ದೆ. ಪಾರ್ಸಲ್ ಒಡೆಯುವುದನ್ನು ಮೊದಲಿನಿಂದ ಕೊನೆಯವರೆಗೆ ಎಲ್ಲೂ ತುಂಡರಿಸದೆ ವಿಡಿಯೋ ಮಾಡಿದ್ದರೆ ಮಾತ್ರ ದೂರು ಕೇಳುತ್ತೇವೆಂದು ಮಾರುವವರು ಷರತ್ತು ಹಾಕುತ್ತಾರೆ. ಆದ್ದರಿಂದ ನಾನು ಕ್ಯಾಮೆರಾಮನ್. ಮಾವ ಬಿಳಿ ಹತ್ತಿಯ ಗ್ಲೌಸ್ ತೊಟ್ಟು, ನಮ್ಮ ಊಟದ ಮೇಜಿನ ಮೇಲೆ ಪಾರ್ಸಲ್ ಇಟ್ಟು, ದೂರದರ್ಶನದ ವಾರ್ತೆಯ ಧ್ವನಿಯಲ್ಲಿ, "ಈಗ ಎಡಭಾಗದ ಟೇಪನ್ನು ಕತ್ತರಿಸಲಾಗುತ್ತಿದೆ" ಎನ್ನುತ್ತಾರೆ. ನಾನು ಕೆಮ್ಮುವ ಹಾಗಿಲ್ಲ. ಕುಕ್ಕರು ಕೂಗುವ ಹಾಗಿಲ್ಲ. ಪುಟ ಪುಟವೂ ಬೆಳಕಿಗೆ ಬರುವವರೆಗೆ ನಮ್ಮನೆಯಲ್ಲಿ ಊಟವಿಲ್ಲ.

ಕೊಳ್ಳುವ ವಿಧಾನವಂತೂ ಕೋಳಿ ಅಂಕದ ಹಾಗೆ. ವಾಟ್ಸಾಪಿನ ಗುಂಪಿನಲ್ಲಿ ರಾತ್ರಿ ಹೊತ್ತು ಗೊತ್ತಾದ ಗಳಿಗೆಗೆ ಮಾರುವವನು ಒಂದೊಂದೇ ಫೋಟೋ ಬಿಡುತ್ತಾನೆ. ಮೊದಲು "ಬುಕ್ಡ್" ಎಂದು ಒತ್ತಿದವನಿಗೆ ಮಾಲು. ಬೆಲೆ, ಪುಟ, ವರ್ಷ ಎಂದು ವಿಚಾರಿಸುತ್ತ ಕೂತವನಿಗೆ ಕೈಯೆಲ್ಲ ಖಾಲಿ. ಮಾವ ಆ ಪದವನ್ನು ಮೊದಲೇ ಟೈಪ್ ಮಾಡಿಟ್ಟುಕೊಂಡು ಬೆರಳನ್ನು ಕಳಿಸುವ ಗುಂಡಿಯ ಮೇಲೆ ಹಿಡಿದಿರುತ್ತಾರೆ. ಕೆಲವು ರಾತ್ರಿ ನನ್ನ ಫೋನನ್ನೂ ಹೀಗೆ ಸಜ್ಜುಗೊಳಿಸಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡದ್ದುಂಟು. ಫೋಟೋ ನೋಡುವುದರಲ್ಲಿ ಅವರದೊಂದು ಸಿದ್ಧಾಂತವಿದೆ: ಮಾರುವವನ ಹೆಬ್ಬೆರಳು ಎಲ್ಲಿದೆಯೋ ಅಲ್ಲೇ ಪುಸ್ತಕ ಹರಿದಿದೆ. ಇದನ್ನು ನನಗೆ ಬಹಳ ಗಂಭೀರವಾಗಿ ಬೋಧಿಸಿದ್ದರು.

ಉಳಿದ ಗುಣಗಳನ್ನು ಬೇಗ ಹೇಳಿಬಿಡುತ್ತೇನೆ. ಪುಸ್ತಕ ಎರವಲು ಕೊಡುವುದಿಲ್ಲ. ಕೇಳಿದವನ ಸ್ನೇಹವನ್ನೂ ಇಟ್ಟುಕೊಳ್ಳುವುದಿಲ್ಲ. ಊರಿನಲ್ಲಿ ಉತ್ತರಕ್ರಿಯೆಯ ಬೊಜ್ಜದ ಊಟಕ್ಕೆ ಹೋದರೂ ಪಾಯಸ ಬರುವ ಮೊದಲು ಮನೆಯವರನ್ನು ಕರೆದು, "ಅಟ್ಟದಲ್ಲಿ ಹಳೇ ಪುಸ್ತಕ ಉಂಟಾ?" ಎಂದು ವಿಚಾರಿಸುತ್ತಾರೆ. ಕೊಚ್ಚಿಯ ಮಳೆಗಾಲದಲ್ಲಿ ಕಾಗದಕ್ಕೆ ಬೂಸಲು ಹತ್ತುತ್ತದೆಂದು ಚಪ್ಪಲಿ ಅಂಗಡಿಗಳಲ್ಲಿ ಬೇಡಿ ಸಿಲಿಕಾ ಜೆಲ್ ಪೊಟ್ಟಣ ತರುತ್ತಾರೆ. 1964ರಿಂದ 1990ರವರೆಗೆ ಬಂದ ಇಂದ್ರಜಾಲ ಕಾಮಿಕ್ಸ್‌ನ 803 ಸಂಚಿಕೆಗಳಲ್ಲಿ ತಮ್ಮಲ್ಲಿ ಇಲ್ಲದ ಸಂಖ್ಯೆಗಳು ಬಾಯಿಪಾಠ. ಮೊಮ್ಮಕ್ಕಳ ಹುಟ್ಟಿದ ದಿನ ಅತ್ತೆಯನ್ನು ಕೇಳಬೇಕು. ಮಾಸ್ಕೋದಲ್ಲಿ ಕೂತು ಗೋಪಾಲಕೃಷ್ಣನ್ ಮತ್ತು ಓಮನಾ ದಂಪತಿ ಮಲಯಾಳಕ್ಕೆ ತಂದ, ಪ್ರಭಾತ್ ಬುಕ್ ಹೌಸ್ ಕೆಲವೇ ರೂಪಾಯಿಗೆ ಮಾರಿದ ಸೋವಿಯತ್ ಮಕ್ಕಳ ಪುಸ್ತಕಗಳಿಗೆ ಇಲ್ಲಿ ಈಗಲೂ ಜನ ಮುಗಿಬೀಳುತ್ತಾರೆ. ನಮ್ಮ ಕಡೆ ನವಕರ್ನಾಟಕದವರು ಮಾರಿದ ಕನ್ನಡದವುಗಳಿಗೆ ಪೈಪೋಟಿ ಕಡಿಮೆಯಿದೆ ಎಂದು ಮಾವನಿಗೆ ಸಂತೋಷ. ಸ್ವಲ್ಪ ಹೊತ್ತಿಗೆ, ಕೇಳುವವರೇ ಇಲ್ಲವಲ್ಲ ಎಂದು ದುಃಖ.

2018ರ ಆಗಸ್ಟಿನಲ್ಲಿ ಪೆರಿಯಾರ್ ನದಿ ಉಕ್ಕಿ, ನೆಡುಂಬಾಶ್ಶೇರಿ ವಿಮಾನ ನಿಲ್ದಾಣವೇ ಎರಡು ವಾರ ಮುಚ್ಚಿದಾಗ ಮಾವ ತಗ್ಗಿನ ಬಾಡಿಗೆ ಮನೆಯೊಂದರಲ್ಲಿದ್ದರು. ನೀರು ಅಂಗಳಕ್ಕೆ ಬಂದಾಗ ಮೊದಲು ಮಹಡಿ ಹತ್ತಿದ್ದು ಕಾಮಿಕ್ಸು, ಆಮೇಲೆ ಚಂದಮಾಮ, ಆಮೇಲೆ ಗ್ಯಾಸ್ ಸಿಲಿಂಡರು. "ಕೊನೆಗೆ ನಾನು," ಎನ್ನುತ್ತಾರೆ ಅತ್ತೆ. "ನೀನು ನಡೆಯುತ್ತಿ, ಪುಸ್ತಕ ನಡೆಯುತ್ತದಾ?" ಎಂಬುದು ಮಾವನ ಸಮಾಧಾನ. ಎತ್ತರದ ಮನೆಯೇ ಬೇಕೆಂದು ನಮ್ಮ ಕಟ್ಟಡಕ್ಕೆ ಬಂದದ್ದು ಆ ಬಳಿಕ. ಪೆರಿಯಾರ್ ನನಗೆ ಮಾಡಿದ ಉಪಕಾರ ಇದು.

ಇಂಥ ಮಾವ ಒಂದು ರಾತ್ರಿ, ತಿರುವನಂತಪುರದವನೊಬ್ಬ ಬಿಟ್ಟ ಫೋಟೋಕ್ಕೆ "ಬುಕ್ಡ್" ಒತ್ತಿದರು. ಅಲ್ಲಿನ ಪಾಳಯಂನ ಹಳೇ ಪುಸ್ತಕದ ಅಂಗಡಿಗಳಲ್ಲಿ ಹೆಕ್ಕಿ ಫೋನಿನಲ್ಲಿ ಮಾರುವವನು ಅವನು. ಹಳೇ ಚಂದಮಾಮದ ಕಟ್ಟು. ಬೀಸಣಿಗೆಯ ಆಕಾರದಲ್ಲಿ ಹರಡಿಟ್ಟ ಸಂಚಿಕೆಗಳು, ಮುಖಪುಟದ ಬಣ್ಣ ಮಾಸಿಲ್ಲ, ಪಿನ್ನಿಗೆ ತುಕ್ಕು ಹಿಡಿದಿಲ್ಲ. ಮೇಲಿನ ಸಂಚಿಕೆಯ ಹೆಸರಿನ ಮೇಲೆ ಒಂದು ದಪ್ಪ ಹೆಬ್ಬೆರಳು. "ಮಾವ, ಹೆಬ್ಬೆರಳು," ಎಂದೆ. "ತಲೆಬರಹ ಸ್ವಲ್ಪ ಹರಿದಿರಬಹುದು, ಚಿತ್ರ ನೋಡು ಮಾರಾಯಾ!" ಎಂದರು. ಹಣ ಹೋಯಿತು. ಪಾರ್ಸಲ್ ಬಂತು. ಗ್ಲೌಸ್ ಏರಿತು, ಕ್ಯಾಮೆರಾ ತಿರುಗಿತು. ಟೇಪು ಕತ್ತರಿಸಿ, ವೃತ್ತಪತ್ರಿಕೆ ಬಿಡಿಸಿ, ಮಾವ ಮೊದಲ ಸಂಚಿಕೆ ಎತ್ತಿ ಹಿಡಿದರು. ವಾರ್ತೆ ನಿಂತುಹೋಯಿತು.

ತಲೆಬರಹ ಎಲ್ಲೂ ಹರಿದಿರಲಿಲ್ಲ. ಅಲ್ಲಿ 'ಅಂಬಿಳಿ ಅಮ್ಮಾವನ್' ಎಂದು ಮಲಯಾಳದಲ್ಲಿ ದುಂಡಗೆ ಬರೆದಿತ್ತು.

ಚಂದಮಾಮ 1947ರಲ್ಲಿ ಮದರಾಸಿನಲ್ಲಿ ತೆಲುಗು, ತಮಿಳುಗಳಲ್ಲಿ ಹುಟ್ಟಿ, 1949ರಲ್ಲಿ ಕನ್ನಡಕ್ಕೆ ಬಂತು; ಮಲಯಾಳಕ್ಕೂ ಹೋಯಿತು. ಎಲ್ಲದರಲ್ಲೂ ಚಿತ್ರ ಒಂದೇ, ಅಕ್ಷರ ಮಾತ್ರ ಬೇರೆ. ಅಕ್ಷರದ ಮೇಲೆ ಬೆರಳಿಟ್ಟರೆ ಯಾವ ಭೂತಗನ್ನಡಿಯೂ ಭಾಷೆ ಹೇಳಲಾರದು. ಮಾವ ಫೋನ್ ಮಾಡಿದರು. ಆ ಕಡೆಯವನು ಬಹಳ ವಿನಯದಿಂದ, ಫೋಟೋದಲ್ಲಿರುವುದನ್ನೇ ಕಳಿಸಿದ್ದೇನೆ ಚೇಟ್ಟಾ, ಯಾವ ಭಾಷೆ ಎಂದು ನೀವು ಕೇಳಲೇ ಇಲ್ಲವಲ್ಲ ಎಂದ. ನ್ಯಾಯ ಅವನ ಕಡೆಗಿತ್ತು. ವಿಡಿಯೋ ಕೂಡ ಅವನ ಪರವಾಗಿಯೇ ಸಾಕ್ಷಿ ಹೇಳುತ್ತಿತ್ತು. ದುಃಖದ ಸಂಗತಿಯೆಂದರೆ ಅಷ್ಟು ಮಿಂಟ್ ಪ್ರತಿಗಳನ್ನು ಮಾವ ತಮ್ಮ ಆಯುಷ್ಯದಲ್ಲೇ ಕಂಡಿರಲಿಲ್ಲ. ಮಲಯಾಳವನ್ನು ಅವರು ಇಲ್ಲಿಯವರ ಹಾಗೇ ಮಾತಾಡುತ್ತಾರೆ. ಓದುವುದು ಬಸ್ಸಿನ ಬೋರ್ಡಿನಷ್ಟು.

ಅವರು ಸುಮ್ಮನೆ ಕೂತಿದ್ದನ್ನು ನೋಡಿ ನನಗೆ, ಒಳ್ಳೆಯದೇ ಆಯಿತು ಎನಿಸಿ, ಮರುಕ್ಷಣ ಹೊಟ್ಟೆಯಲ್ಲಿ ಏನೋ ಸಂಕಟವಾಯಿತು. ಅವರ ಬಾಲ್ಯದಲ್ಲಿ ಚಂದಮಾಮ ಬರುತ್ತಿದ್ದದ್ದು ಮೇಷ್ಟರ ಮನೆಗೆ ಮಾತ್ರವಂತೆ. ಜಗಲಿಯಲ್ಲಿ ಕೂತು ನೋಡಬಹುದು, ಮನೆಗೆ ಒಯ್ಯುವ ಹಾಗಿಲ್ಲ. ಚಿತ್ರಕಾರ ಶಂಕರ್ ಬರೆದ ವಿಕ್ರಮ, ಕೈಯಲ್ಲಿ ಕತ್ತಿ, ಹೆಗಲ ಮೇಲೆ ಹೆಣ. ಆ ಚಿತ್ರ ನೋಡಿದ ಮೇಲೆ ಕತ್ತಲಾಗುವ ಮೊದಲೇ ತೋಟ ದಾಟಿ ಮನೆಗೆ ಓಡುತ್ತಿದ್ದರಂತೆ. ಒಯ್ಯಲಾಗದ್ದನ್ನು ಈಗ ಒಯ್ಯುತ್ತಿದ್ದಾರೆ, ಬೀಗ ಹಾಕುತ್ತಿದ್ದಾರೆ. ಆದರೆ ಮಿಂಟ್ ಪ್ರತಿ ಎಂದರೆ ಯಾವ ಮಗುವೂ ಮುಟ್ಟದೆ ಬಿಟ್ಟದ್ದು. ಮಕ್ಕಳು ಪ್ರೀತಿಸಿದ ಪುಸ್ತಕಕ್ಕೆ ಹೊದಿಕೆ ಉಳಿಯುವುದಿಲ್ಲ, ರಾಕ್ಷಸನಿಗೆ ಮೀಸೆ ಬೆಳೆಯುತ್ತದೆ, ಹಿಂದಿನ ಪುಟದಲ್ಲಿ ಮಗ್ಗಿ ಬರುತ್ತದೆ. ಹಾಗೆ ಓದಿಸಿಕೊಂಡವು ಎಂದೋ ರದ್ದಿಗೆ ಹೋದವು. ಓದಿಸಿಕೊಳ್ಳದವು ಮಾತ್ರ ದುಬಾರಿಯಾಗಿ ಕಪಾಟಿನಲ್ಲಿ ಕೂತಿವೆ. ಇದನ್ನು ಮಾವನಿಗೆ ಹೇಳಲೇಬೇಕೆಂದು ಗಂಟಲು ಸರಿಮಾಡಿಕೊಂಡೆ.

ಅಷ್ಟರಲ್ಲಿ ನಾಲ್ಕನೇ ಕ್ಲಾಸಿನ ನಮ್ಮ ಮಗಳು ಬಾಳೆಕಾಯಿ ಚಿಪ್ಸ್ ತಿನ್ನುತ್ತ ಬಂದು, ಮೇಜಿನ ಮೇಲಿನ ಸಂಚಿಕೆ ಎತ್ತಿಕೊಂಡು ಸೋಫಾದಲ್ಲಿ ಬಿದ್ದುಕೊಂಡಳು. ನಾನು ಕನ್ನಡ ಓದು ಎಂದು ಗೋಗರೆದರೂ ಕಾಗುಣಿತದಾಚೆ ಹೋಗದವಳು ಮಲಯಾಳವನ್ನು ಗಟ್ಟಿಯಾಗಿ, ತಡೆಯಿಲ್ಲದೆ ಓದತೊಡಗಿದಳು. "ಕೈ ತೊಳೆದಿದ್ದೀಯಾ?" ಎಂದು ಮಾವ ಎದ್ದರು. ಅವಳು ಕೇಳಿಸಿಕೊಳ್ಳಲಿಲ್ಲ. ಮಾವ ಕಿತ್ತುಕೊಳ್ಳಲೆಂದು ಹತ್ತಿರ ಹೋದವರು ಅಲ್ಲೇ ಕೂತರು. ಬೇತಾಳ ಕಥೆ ಮುಗಿಸಿ ಪ್ರಶ್ನೆ ಹಾಕಿದ ಕಡೆ ಅವಳು ನಿಲ್ಲಿಸಿ, ಪುಟವನ್ನು ಅಂಗೈಯಿಂದ ಮುಚ್ಚಿ, "ಉತ್ತರ ಹೇಳಿ ಮಾವ," ಎಂದಳು. ಮಾವ ತಡಮಾಡದೆ, ರಾಜನ ಠೀವಿಯಲ್ಲಿ, ಕನ್ನಡದಲ್ಲಿ ಉತ್ತರ ಹೇಳಿದರು. ಪುಟ ತಿರುಗಿಸಿ ನೋಡಿದರೆ ಸರಿಯಾಗಿತ್ತು. "ಮುಂದಿನದು ಓದು," ಎಂದರು. ಅತ್ತೆ ಮೇಲಿನಿಂದ ಎರಡು ಸಲ ಊಟಕ್ಕೆ ಕರೆದರು, ಇಬ್ಬರೂ ಏಳಲಿಲ್ಲ.

ಕೊನೆಗೆ ಮಾವ ಆ ಸಂಚಿಕೆಯನ್ನು ಭೂತಗನ್ನಡಿಯಲ್ಲಿ ಪರೀಕ್ಷಿಸಿದರು. ಅಂಚಿನಲ್ಲಿ ಚಿಪ್ಸಿನ ಎಣ್ಣೆಯ ಬೆರಳಚ್ಚು, ಸ್ಪಷ್ಟವಾಗಿ, ಒಂದು ಗೆರೆಯೂ ಮಾಸದೆ ಕೂತಿತ್ತು. ನಾನು ಉಸಿರು ಬಿಗಿಹಿಡಿದೆ. ಅವರು ಏನೂ ಹೇಳದೆ ಕಟ್ಟನ್ನು ನಮ್ಮ ಮೇಜಿನ ಮೇಲೇ ಬಿಟ್ಟು ಮೇಲೆ ಹೋದರು. ಪ್ಲಾಸ್ಟಿಕ್ ಚೀಲ ಕೇಳಲಿಲ್ಲ, ಬೀಗ ಹಾಕಲಿಲ್ಲ. ಮನುಷ್ಯ ಬದಲಾದನೆಂದು ನಾನು ಹೆಂಡತಿಗೆ ಹೇಳುತ್ತಿರುವಾಗಲೇ ಫೋನಿಗೆ ಅವರ ಕ್ಯೂಆರ್ ಕೋಡ್ ಬಂತು. ಕೆಳಗೆ ಒಂದು ಸಾಲು: "ಅರ್ಧ ದುಡ್ಡು ಹಾಕು ಮಾರಾಯಾ. ನಿನ್ನ ಮಗಳು ಓದಿದ ಮೇಲೆ ಅದು ಸೆಕೆಂಡ್ ಹ್ಯಾಂಡ್ ಆಯಿತು."