ಹೂಳಿನ ಕಡತ

ತಾಲ್ಲೂಕು ಕಚೇರಿ ಎದುರಿನ ಕ್ಯಾಂಟೀನು. ಬೈಟು ಕಾಫಿ.

ರೈತ: ಕೆರೆ ಹೂಳು ಹಂಗೇ ಐತೆ ಸ್ವಾಮಿ, ಬಿಲ್ ಮಾತ್ರ ಎತ್ತವ್ರೆ. ಲೋಕಾಯುಕ್ತಕ್ಕೆ ದೂರು ಕೊಟ್ಟು ವರ್ಷವಾಯ್ತು.

ಗುಮಾಸ್ತ: 2018ರಿಂದ ಭ್ರಷ್ಟಾಚಾರ ತಡೆ ಕಾಯ್ದೆಯಲ್ಲಿ 17ಎ ಕಲಂ ಇದೆಯಲ್ಲಪ್ಪ. ಸಾಹೇಬರು ಕಡತದಲ್ಲಿ ಮಾಡಿದ ತೀರ್ಮಾನ ತನಿಖೆ ಮಾಡೋಕೆ ಸರ್ಕಾರದ ಅನುಮತಿ ಬೇಕು. ಮೂರು ತಿಂಗಳು, ಕಾರಣ ಬರೆದಿಟ್ಟರೆ ಇನ್ನೊಂದು.

ರೈತ: ವರ್ಷವಾಯ್ತಲ್ಲ!

ಗುಮಾಸ್ತ: ಕಾರಣ ಉದ್ದ ಇರಬೇಕು, ಇನ್ನೂ ಬರೀತಿದ್ದಾರೆ.

ರೈತ: ಲಂಚ ತಗೊಳ್ಳೋವಾಗಲೇ ಹಿಡಿದ್ರೆ?

ಗುಮಾಸ್ತ: ಅದಕ್ಕೆ ಅನುಮತಿ ಬೇಡ. ನೋಟಿಗೆ ಪುಡಿ, ಕೈ ತೊಳೆಸಿದ್ರೆ ನೀರು ಗುಲಾಬಿ. ಸಿಕ್ಕಿಬೀಳೋದು ನನ್ನಂಥೋನು. ಸಹಿ ಹಾಕಿದ ಕೈ ಎಲ್ಲಿ ಬಣ್ಣ ಬಿಡುತ್ತೆ? ಆಮೇಲೂ ಕೋರ್ಟು ಕೇಸು ತಗೋಬೇಕಾದ್ರೆ 19ನೇ ಕಲಂ ಮಂಜೂರಾತಿ ಬೇರೆ.

ರೈತ: ಅಷ್ಟೊತ್ತಿಗೆ ಇನ್ನಷ್ಟು ಹೂಳು ತುಂಬ್ತದೆ.

ಗುಮಾಸ್ತ (ಲೋಟ ಕೆಳಗಿಟ್ಟು): ಹೌದಲ್ಲ! ಒಂದು ಅರ್ಜಿ ಕೊಡು, ಹೊಸ ಎಸ್ಟಿಮೇಟ್ ಹಾಕಿಸ್ತೀನಿ.