ನಮ್ಮೂರು ಅಗ್ಗವಂತೆ!

ಗೋಕರ್ಣ ಅಗ್ಗದ ಊರಂತೆ. ಮೊಬೈಲಿನಲ್ಲಿ ಹುಡುಗನೊಬ್ಬ ಮೂವತ್ತು ಸೆಕೆಂಡಿನಲ್ಲಿ ತೀರ್ಪು ಕೊಟ್ಟ. ಲ್ಯಾಪ್‌ಟಾಪ್ ಹೊತ್ತು ಊರೂರು ತಿರುಗುತ್ತ ನೌಕರಿ ಮಾಡುವವರಿಗೆ ದೇಶದ ಐದು ಅಗ್ಗದ ತಾಣಗಳು. ನಮ್ಮೂರಿಗೆ ಮೂರನೇ ನಂಬರು. ಕಡಲು ಇದೆ, ವೈಫೈ ಇದೆ, ಊಟ 'ಸಿಕ್ಕಾಪಟ್ಟೆ ಚೀಪ್ ಗಾಯ್ಸ್'. ಮಹಾಬಲೇಶ್ವರನೂ ಇದ್ದಾನೆ. ಅವನಿಗೆ ಒಂದೂವರೆ ಸೆಕೆಂಡು.

ನಾನು ಇಲ್ಲೇ ಕನ್ನಡ ಮಾಸ್ತರ. ಹತ್ತೊಂಬತ್ತು ವರ್ಷ ಒಂದೇ ಬಾಡಿಗೆ ಮನೆಯಲ್ಲಿದ್ದವನು. ನಮ್ಮೂರು ಅಗ್ಗ ಎಂಬ ಸುದ್ದಿ ನನಗೆ ತಲುಪಿದ್ದು ಆ ಮನೆಯಿಂದ ಎದ್ದ ಮೇಲೆ.

ಅಗ್ಗ ಎನ್ನುವ ಶಬ್ದ ಒಂಟಿಯಾಗಿ ನಿಲ್ಲುವುದಿಲ್ಲ. ಅದಕ್ಕೆ ಚತುರ್ಥಿ ವಿಭಕ್ತಿ ಬೇಕು. ಯಾರಿಗೆ ಅಗ್ಗ? ಎಂಟನೇ ಕ್ಲಾಸಿನ ಮಕ್ಕಳೂ ಕೇಳುವ ಪ್ರಶ್ನೆ. ವಿಡಿಯೋದ ಹುಡುಗ ಕೇಳಲಿಲ್ಲ. ಅವನ ವ್ಯಾಕರಣದಲ್ಲಿ ಇರುವುದು ಪ್ರಥಮಾ ಒಂದೇ. ನಾನು.

ದೀಪಾವಳಿ ಕಳೆದು ನಾಲ್ಕು ದಿನಕ್ಕೆ ಮನೆ ಮಾಲೀಕರು ಬಂದರು. ಜಗಲಿಯಲ್ಲಿ ಕೂತರು. ಕವಳ ಹಾಕಿದರು. "ತಪ್ಪು ತಿಳ್ಕಬೇಡಿ ಮಾಸ್ತರೇ, ಮಗ ಬೆಂಗಳೂರು ಬಿಟ್ಟು ಬರ್ತೆ ಹೇಳ್ತಾ ಇದ್ದ. ಮನೆ ಬೇಕಾಗಿತ್ತು." ಮಗ ಊರಿಗೆ ಬರುತ್ತಾನೆಂದರೆ ಬೇಡ ಅನ್ನುವವನು ಯಾವ ಮಾಸ್ತರ? ಎರಡು ತಿಂಗಳಲ್ಲಿ ಖಾಲಿ ಮಾಡಿದೆವು.

ಮಗ ಬರಲಿಲ್ಲ. ಬೋರ್ಡು ಬಂತು.

ಬೋರ್ಡಿನಲ್ಲಿ ಒಂದು ಸಂಸ್ಕೃತ ಪದ, ಅದಕ್ಕೆ ಬಾಲವಾಗಿ 'ಸ್ಟೇಸ್'. ಕೆಳಗೆ 'ವರ್ಕೇಷನ್ ಫ್ರೆಂಡ್ಲಿ'. ವರ್ಕೂ ವೆಕೇಷನ್ನೂ ಕೂಡಿದರೆ ವರ್ಕೇಷನ್. ಯಾವ ಸಂಧಿ ಎಂದು ಕೇಳಬೇಡಿ. ಲೋಪ ಯಾರದೆಂದು ನನಗೆ ಗೊತ್ತು. ನಾನು ತಿಂಗಳಿಗೆ ಕೊಡುತ್ತಿದ್ದುದನ್ನು ಆ ಮನೆ ಈಗ ನಾಲ್ಕು ರಾತ್ರಿಯಲ್ಲಿ ದುಡಿಯುತ್ತದೆ.

ಮೊನ್ನೆ ಹಳೇ ವಿಳಾಸಕ್ಕೆ ಬಂದ ಒಂದು ಲಕೋಟೆ ತರಲು ಹೋಗಿದ್ದೆ. ಹಿತ್ತಲಿನ ಒರಳು ಅಂಗಳಕ್ಕೆ ಬಂದಿತ್ತು. ನಮ್ಮ ಮನೆಯವಳು ಹತ್ತೊಂಬತ್ತು ವರ್ಷ ದೋಸೆಹಿಟ್ಟು ರುಬ್ಬಿದ ಒರಳು. ಅದರಲ್ಲಿ ನೀರು ತುಂಬಿ ನಾಲ್ಕು ದಾಸವಾಳ ತೇಲಿಬಿಟ್ಟಿದ್ದಾರೆ. ಅದಕ್ಕೆ 'ಆಥೆಂಟಿಕ್' ಎನ್ನುತ್ತಾರಂತೆ. ಒರಳು ಆಥೆಂಟಿಕ್. ರುಬ್ಬುವವಳು ಇದ್ದರೆ ಅಡ್ಡಿ.

ಜಗಲಿಯಲ್ಲಿ ಒಬ್ಬ ಹುಡುಗ ಮೀಟಿಂಗಿನಲ್ಲಿದ್ದ. ಅವನ ಬೆನ್ನ ಹಿಂದೆ ತೆಂಗಿನ ತೋಟ, ಅದರಾಚೆ ಕಡಲಿನ ಒಂದು ಚೂರು. ಅದಕ್ಕೇ ದುಡ್ಡು ಕೊಟ್ಟಿದ್ದಾನೆ. ಆದರೆ ಲ್ಯಾಪ್‌ಟಾಪಿನ ಪರದೆಯಲ್ಲಿ ಅವನ ಬೆನ್ನ ಹಿಂದೆ ಪುಸ್ತಕದ ಕಪಾಟು! ಮೀಟಿಂಗ್ ಮುಗಿದ ಮೇಲೆ ನಕ್ಕ. "ಮ್ಯಾನೇಜರ್‌ಗೆ ಗೊತ್ತಾಗಬಾರದಲ್ಲ ಅಂಕಲ್." ಇನ್‌ಸ್ಟಾಗ್ರಾಮಿನಲ್ಲಿ ಕಡಲು, ಆಫೀಸಿನಲ್ಲಿ ಕಪಾಟು. ಇದ್ದ ಕಡೆ ಇಲ್ಲ, ಇಲ್ಲದ ಕಡೆ ಇದ್ದಾನೆ. ಆತ್ಮಲಿಂಗ ತಂದ ರಾವಣನಿಗೂ ಈ ವಿದ್ಯೆ ಗೊತ್ತಿರಲಿಲ್ಲ.

ಒಳ್ಳೆಯ ಹುಡುಗನೇ. ಮಾತಿಗೆ ಕೂತ. ಬೆಂಗಳೂರಿನ ಮನೆ ಮಾಲೀಕರನ್ನು ಅರ್ಧ ಗಂಟೆ ಬೈದ. ಹತ್ತು ತಿಂಗಳ ಅಡ್ವಾನ್ಸ್ ಅಂತೆ, ಲೂಟಿ ಅಂತೆ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಠೇವಣಿ ಕೇಳುವಂತಿಲ್ಲ ಎಂದಿದೆ. ಅದು ಅವನಿಗೆ ಬಾಯಿಪಾಠ. ಬಾಡಿಗೆದಾರನ ಹಕ್ಕಿನ ಬಗ್ಗೆ ಅವನಷ್ಟು ಚೆನ್ನಾಗಿ ನಾನು ಯಾವತ್ತೂ ಮಾತಾಡಿಲ್ಲ. ಆಮೇಲೆ ಹೇಳಿದ, "ಇಲ್ಲಿ ನೋಡಿ, ಎಷ್ಟು ರೀಸನಬಲ್."

ಈ ಮನೆಯಲ್ಲಿ ಮೊದಲು ಯಾರಿದ್ದರು ಎಂದು ಕೇಳಲಿಲ್ಲ. ನಾನೂ ಹೇಳಲಿಲ್ಲ. ಹೊರಡುವಾಗ ಪ್ರೀತಿಯಿಂದ ಕರೆದ. "ಒಳಗೆ ಬನ್ನಿ ಅಂಕಲ್, ಮನೆ ತೋರಿಸ್ತೀನಿ. ತುಂಬಾ ಚೆನ್ನಾಗಿದೆ."

ಇದೇ ಊರಿನ ನನ್ನ ಹಳೇ ವಿದ್ಯಾರ್ಥಿಯೊಬ್ಬನಿದ್ದಾನೆ. ಅವನದೂ ಅದೇ ಕೆಲಸ, ಅದೇ ಲ್ಯಾಪ್‌ಟಾಪ್. ಬಿಟಿಎಂ ಲೇಔಟಿನ ಪೀಜಿಯಲ್ಲಿ ಒಂದು ಕೋಣೆಗೆ ಮೂವರು. ಅಪ್ಪನಿಗೆ ಹುಷಾರಿಲ್ಲ, ಮೂರು ತಿಂಗಳು ಮನೆಯಿಂದಲೇ ಕೆಲಸ ಮಾಡುತ್ತೇನೆ ಎಂದು ಕೇಳಿದ. ಆಗುವುದಿಲ್ಲ, ವಾರಕ್ಕೆ ಮೂರು ದಿನ ಆಫೀಸಿಗೆ ಬರಲೇಬೇಕು, ಊರಿಗೆ ಹೋದರೆ ಶಿಸ್ತು ಹೋಗುತ್ತದೆ ಎಂದರು ಕಂಪನಿಯವರು. ಕಪಾಟಿನ ಚಿತ್ರ ಹಾಕಿಕೊಂಡು ಸುಳ್ಳು ಹೇಳಿದವನಿಗೆ ಗೋಕರ್ಣ ಸಿಕ್ಕಿತು. ನಿಜ ಹೇಳಿ ಅರ್ಜಿ ಹಾಕಿದ ಗೋಕರ್ಣದವನಿಗೆ ಬಿಟಿಎಂ ಲೇಔಟು. ಬೆಂಗಳೂರಿನಾಚೆ ಐಟಿ ಬೆಳೆಸುತ್ತೇವೆಂದು ಸರ್ಕಾರ 'ಬಿಯಾಂಡ್ ಬೆಂಗಳೂರು' ಎಂಬ ಯೋಜನೆ ಮಾಡಿ ಎಷ್ಟು ವರ್ಷವಾಯಿತು? ಬೆಂಗಳೂರಿನಾಚೆ ಬಂದದ್ದು ಐಟಿಯಲ್ಲ. ಐಟಿಯವರ ರಜೆ.

ಈಗ ಅಗ್ಗದ ಊಟದ ವಿಷಯ. ಪೇಟೆಯಲ್ಲಿ ಹಾಲಕ್ಕಿ ಹೆಂಗಸರು ತರಕಾರಿ ಹರಡಿ ಕೂರುತ್ತಾರೆ. ಬೆಳೆದದ್ದೂ ಅವರೇ, ಹೊತ್ತು ತಂದದ್ದೂ ಅವರೇ. ಹರಿವೆ ಸೊಪ್ಪಿನ ಕಟ್ಟಿಗೆ ಐದು ರೂಪಾಯಿ ಕಡಿಮೆ ಮಾಡಿ ಎಂದು ಒಬ್ಬ ಅತಿಥಿ ಹತ್ತು ನಿಮಿಷ ಚೌಕಾಸಿ ಮಾಡಿದ್ದನ್ನು ನಾನೇ ನಿಂತು ನೋಡಿದೆ. ಗೆದ್ದ. ಅಲ್ಲಿಂದ ಎದುರಿನ ಕೆಫೆಗೆ ಹೋಗಿ ಬಾಳೆಹಣ್ಣು ಅರೆದು ಮೇಲೆ ನಾಲ್ಕು ಬೀಜ ಉದುರಿಸಿದ ಬಟ್ಟಲಿಗೆ ಮುನ್ನೂರು ರೂಪಾಯಿ ಕೊಟ್ಟು ಬಾಯಿ ಮುಚ್ಚಿಕೊಂಡು ತಿಂದ. ಕೆಫೆಯಲ್ಲಿ ಬೆಲೆ ಬರೆದಿರುತ್ತದೆ, ಚೌಕಾಸಿ ಮಾಡಿದರೆ ಮಾನ ಹೋಗುತ್ತದೆ. ಸೊಪ್ಪು ಮಾರುವ ಆಯಿಯ ಎದುರು ಯಾವ ಮಾನ? ಅಗ್ಗವಾದದ್ದು ಊಟವಲ್ಲ ಸ್ವಾಮೀ. ಅವಳ ಬೆನ್ನು.

ಈ ಮಹನೀಯರಿಗೆ 'ಡಿಜಿಟಲ್ ನೋಮ್ಯಾಡ್' ಎಂದು ಬಿರುದು. ಕನ್ನಡದಲ್ಲಿ ಅಲೆಮಾರಿ. ಈ ನಾಡಿನಲ್ಲಿ ಆ ಹೆಸರಿನ ಜನ ಮೊದಲೇ ಇದ್ದಾರೆ. ಸುಡುಗಾಡು ಸಿದ್ಧರು, ಬುಡ್ಗ ಜಂಗಮರು, ದೊಂಬರು. ಊರಾಚೆ ಟೆಂಟು ಹಾಕಿದರೆ ಸಂಜೆಯೊಳಗೆ ಯಾರಾದರೂ ಬಂದು ಎಬ್ಬಿಸುತ್ತಾರೆ. ವಿಳಾಸ ಕೇಳುತ್ತಾರೆ. ಇಲ್ಲ ಎಂದರೆ ಅದೇ ಅಪರಾಧ. 2025ರಲ್ಲಿ ಒಳಮೀಸಲಾತಿಯಲ್ಲಿ ತಮಗೊಂದು ಪ್ರತ್ಯೇಕ ಪರ್ಸೆಂಟು ಕೊಡಿ ಎಂದು ಫ್ರೀಡಂ ಪಾರ್ಕಿನಲ್ಲಿ ಕೂತವರು ಇವರೇ. ಅದೇ ಟೆಂಟನ್ನು ಕಡಲ ದಂಡೆಯಲ್ಲಿ ಹಾಕಿ ಒಳಗೊಂದು ಚಾರ್ಜಿಂಗ್ ಪಾಯಿಂಟ್ ಕೊಟ್ಟರೆ 'ಗ್ಲ್ಯಾಂಪಿಂಗ್'. ಬಂದ ಕೂಡಲೇ ಒಂದು ಗ್ಲಾಸ್ ಕೋಕಂ ಶರಬತ್ತು. ವಿಳಾಸ ಇಲ್ಲದಿರುವುದು ಇವರಿಗೆ ಜೀವನಶೈಲಿ.

ಇನ್ನು ವೈಫೈ. 2021ರ ಜೂನ್ ನೆನಪಿದೆಯೇ? ಸುಳ್ಯ ತಾಲೂಕಿನಲ್ಲಿ ಸುರಿಯುವ ಮಳೆಯಲ್ಲಿ ರಸ್ತೆ ಬದಿ ಕೂತು ಆನ್‌ಲೈನ್ ಪಾಠ ಕೇಳುವ ಮಗಳಿಗೆ ಅಪ್ಪ ಕೊಡೆ ಹಿಡಿದು ನಿಂತಿದ್ದರು. ಆ ಫೋಟೋ ದೇಶವೆಲ್ಲ ಸುತ್ತಿತು. ಎಲ್ಲರೂ ಕಣ್ಣು ಒರೆಸಿಕೊಂಡರು. ಟವರ್ ಕೇಳಿದ ಶಿವಮೊಗ್ಗದ ಮಲೆನಾಡಿನವರು 'ನೆಟ್‌ವರ್ಕ್ ಇಲ್ಲದಿದ್ದರೆ ವೋಟಿಲ್ಲ' ಎಂದು ಅಭಿಯಾನವನ್ನೇ ಮಾಡಬೇಕಾಯಿತು. ಆಗ ಬಂದ ಉತ್ತರ ಏನು? ಗುಡ್ಡಗಾಡು, ಜನಸಂಖ್ಯೆ ಕಡಿಮೆ, ಲಾಭವಿಲ್ಲ. ಈಗ ಘಟ್ಟದ ತುದಿಯ ಹೋಮ್‌ಸ್ಟೇಗಳ ಬೋರ್ಡಿನಲ್ಲೂ 'ಹೈಸ್ಪೀಡ್ ಇಂಟರ್ನೆಟ್'. ಗುಡ್ಡ ಅದೇ, ಮಳೆ ಅದೇ. ಪಾಠ ಕೇಳುವ ಹುಡುಗಿಗಾಗಿ ಏರಲಾಗದ ಗುಡ್ಡವನ್ನು ತಂತಿ ಅತಿಥಿಗಾಗಿ ಏರಿತು.

ಆಸ್ಪತ್ರೆ ಮಾತ್ರ ಇನ್ನೂ ಏರಿಲ್ಲ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕುಂದಾಪುರಕ್ಕೆ ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲಿನಲ್ಲಿ ಮಗುಚಿತು. ನಾಲ್ವರು ಸತ್ತರು. ಉತ್ತರ ಕನ್ನಡಕ್ಕೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಎಂದು ಜಿಲ್ಲೆಯೇ ಕೂಗಿತು. ಅಗ್ಗದ ತಾಣಗಳ ಪಟ್ಟಿಯಲ್ಲಿ ವೈಫೈ ವೇಗಕ್ಕೆ ಅಂಕವಿದೆ, ಕಾಫಿಗೆ ಅಂಕವಿದೆ. ಎದೆನೋವು ಬಂದರೆ ಎಲ್ಲಿಗೆ ಎಂಬ ಕಾಲಂ ಇಲ್ಲ. ಅತಿಥಿಗೆ ಬೇಕಾಗಿಯೂ ಇಲ್ಲ. ಅವನು ಜ್ವರ ಬಂದರೆ ಬೆಂಗಳೂರಿಗೆ ಹೋಗುತ್ತಾನೆ.

ಹೊರಗಿನ ದುಡ್ಡಿಗೆ ಊರವರ ಮನೆ ಬಿಟ್ಟುಕೊಡುವ ಈ ರೋಗ ನಮ್ಮೂರಿನದು ಮಾತ್ರ ಎಂದುಕೊಳ್ಳಬೇಡಿ. ಇದನ್ನೇ ಕಾಯ್ದೆ ಮಾಡಿಕೊಂಡ ದೇಶಗಳಿವೆ. ಪೋರ್ಚುಗಲ್ 2022ರ ಅಕ್ಟೋಬರಿನಲ್ಲಿ ಈ ಲ್ಯಾಪ್‌ಟಾಪ್ ಅಲೆಮಾರಿಗಳಿಗೆಂದೇ ವೀಸಾ ತೆರೆಯಿತು. ಷರತ್ತು ಏನು ಗೊತ್ತೇ? ಅರ್ಜಿದಾರನ ಆದಾಯ ಆ ದೇಶದ ಕನಿಷ್ಠ ವೇತನದ ನಾಲ್ಕು ಪಟ್ಟು ಇರಬೇಕು. 2025ರಲ್ಲಿ ಅಲ್ಲಿನ ಕನಿಷ್ಠ ವೇತನ ತಿಂಗಳಿಗೆ 870 ಯೂರೋ. ಬರುವವನು 3,480 ತೋರಿಸಬೇಕಿತ್ತು. ಲೆಕ್ಕ ಮಾಡಿ. ಲಿಸ್ಬನ್ನಿನಲ್ಲಿ ಒಂದು ಮನೆ ಖಾಲಿ ಇದೆ. ಬಾಗಿಲಲ್ಲಿ ಇಬ್ಬರು ನಿಂತಿದ್ದಾರೆ. ಒಬ್ಬ ಅಲ್ಲೇ ಪಾತ್ರೆ ತೊಳೆಯುವವನು, ಕೈಯಲ್ಲಿ ಒಂದು ಪಾಲು. ಇನ್ನೊಬ್ಬ ನಿನ್ನೆ ಇಳಿದವನು, ಕೈಯಲ್ಲಿ ನಾಲ್ಕು ಪಾಲು. ನಾಲ್ಕು ಪಾಲು ಇದ್ದರಷ್ಟೇ ಒಳಗೆ ಬಾ ಎಂದು ಕರೆದದ್ದು ಸರ್ಕಾರ. ಆಮೇಲೆ ಬಾಡಿಗೆ ಏಕೆ ಏರಿತು ಎಂದು ತಲೆ ಕೆರೆದುಕೊಂಡದ್ದೂ ಸರ್ಕಾರ. ವೀಸಾ ತೆರೆದ ಮರುವರ್ಷವೇ ಜನ ಮನೆ ಕೊಡಿ ಎಂದು ಬೀದಿಗಿಳಿದಿದ್ದರು.

ಬಾರ್ಸಿಲೋನಾದಲ್ಲಿ 2024ರಲ್ಲಿ ಪ್ರವಾಸಿಗರಿಗೆ ಪಿಚಕಾರಿಯಿಂದ ನೀರೆರಚಿದರು. ಪ್ರವಾಸಿಗಳಿಗೆಂದು ಬಿಟ್ಟ ಹತ್ತು ಸಾವಿರ ಚಿಲ್ಲರೆ ಫ್ಲ್ಯಾಟುಗಳ ಪರವಾನಗಿಯನ್ನು 2028ರ ಹೊತ್ತಿಗೆ ನಿಲ್ಲಿಸುತ್ತೇವೆ ಎಂದಿತು ಅಲ್ಲಿನ ಆಡಳಿತ. ಮೆಕ್ಸಿಕೋ ಸಿಟಿಯವರು 2025ರ ಜುಲೈನಲ್ಲಿ ಮೆರವಣಿಗೆ ತೆಗೆದು ಅಂಗಡಿ ಗಾಜು ಒಡೆದರು. ನಾವು ಹಿಂದೆ ಬೀಳುವವರಲ್ಲ. ಪಾಠ ಕಲಿಯುವುದರಲ್ಲಿ ಅಲ್ಲ, ನಕಲು ಹೊಡೆಯುವುದರಲ್ಲಿ. ಸಿಕ್ಕಿಂನ ಯಾಕ್ತೆನ್ ಎಂಬ ಊರನ್ನು ಅದೇ 2025ರಲ್ಲಿ ದೇಶದ ಮೊದಲ ಡಿಜಿಟಲ್ ನೋಮ್ಯಾಡ್ ಹಳ್ಳಿ ಎಂದು ಉದ್ಘಾಟಿಸಿದರು. ನಮ್ಮಲ್ಲೂ ಯಾರಾದರೂ ರಿಬ್ಬನ್ನು, ಕತ್ತರಿ ಸಿದ್ಧ ಮಾಡುತ್ತಿರುತ್ತಾರೆ.

ಹೊರಗಿನವರನ್ನೇ ಬೈದು ಕೈತೊಳೆಯುವ ಹಾಗೂ ಇಲ್ಲ. ರಥಬೀದಿಯ ಕಟ್ಟೆಯಲ್ಲಿ ಸಂಜೆ ಕೂತು ನೋಡಿ. ಹೊರಗಿನವರು ಬಂದು ಕ್ಷೇತ್ರದ ಪಾವಿತ್ರ್ಯ ಹೋಯಿತು, ಚಡ್ಡಿ ಹಾಕಿಕೊಂಡು ಕೋಟಿತೀರ್ಥದ ಸುತ್ತ ಓಡಾಡುತ್ತಾರೆ, ಸಂಸ್ಕೃತಿ ಮುಳುಗಿತು. ಭಾಷಣ ಅರ್ಧದಲ್ಲಿರುವಾಗ ಜೇಬಿನಿಂದ ಹೆಣ್ಣು ದನಿ: 'ಎಂಟು ಸಾವಿರ ರೂಪಾಯಿ ಸ್ವೀಕರಿಸಲಾಗಿದೆ.' ಭಾಷಣ ಒಂದು ಕ್ಷಣ ನಿಲ್ಲುತ್ತದೆ. ಸಂಸ್ಕೃತಿ ತೇಲುತ್ತದೆ. ಮತ್ತೆ ಮುಳುಗುತ್ತದೆ.

ಅತಿಥಿಗಳಿಗೆ ಬಿಟ್ಟ ಈ ಮನೆಗಳು ಕಾಗದದಲ್ಲಿ ಇನ್ನೂ ವಾಸದ ಮನೆಗಳೇ. ವಾಸಿಸುವವರು ಮಾತ್ರ ಇಲ್ಲ. ಹೋಮ್‌ಸ್ಟೇ ಎಂದರೆ ಮನೆಯವರೂ ಇರಬೇಕು, ಅವರ ಜೊತೆ ಅತಿಥಿಯೂ ಇರಬೇಕು ಎಂದು ನಾನು ತಿಳಿದಿದ್ದೆ. ಈಗಿನದರಲ್ಲಿ ಬೀಗದ ಪೆಟ್ಟಿಗೆ ಇರುತ್ತದೆ. ನಾಲ್ಕಂಕಿ ಒತ್ತಿದರೆ ಕೀಲಿ. 'ಅತಿಥಿ ದೇವೋ ಭವ' ಎಂದು ಗೋಡೆಯ ಮೇಲೆ ಬರೆದಿರುತ್ತದೆ. ಹೇಳುವುದಕ್ಕೆ ಆತಿಥೇಯನೇ ಇಲ್ಲದ್ದರಿಂದ ಗೋಡೆಯೇ ಹೇಳಬೇಕು.

ನಮ್ಮ ಮಾಲೀಕರ ಮೇಲೂ ನನಗೆ ಸಿಟ್ಟಿಲ್ಲ. ಬಾಡಿಗೆಗೆ ಕೊಡಲು ಇದ್ದದ್ದು ಒಂದು ಮನೆ, ಮಗಳ ಮದುವೆಯ ಸಾಲವಿತ್ತು. ಸಿಟ್ಟು ಆ ಸುಳ್ಳಿನ ಮೇಲೆ. ಮಗ ಬರುತ್ತಾನೆ ಎನ್ನಬೇಕಾಗಿರಲಿಲ್ಲ. ಪೇಟೆಯಲ್ಲಿ ಸಿಕ್ಕಿದಾಗ ಕೇಳಿದೆ, ಮಗ ಯಾವಾಗ ಬರ್ತಾನೆ ಎಂದು. "ಅವ ಈಗ ಎಲ್ಲಿ ಬರ್ತಾನೆ ಮಾಸ್ತರೇ? ಹಬ್ಬಕ್ಕೆ ಬರ್ತೆ ಅಂದಿದ್ದ. ನಾನೇ ಬೇಡ ಅಂದೆ. ರೂಮು ಬುಕ್ ಆಗಿತ್ತು."

ಈ ಕಡೆಗೆ ಬರುವವರು ಬನ್ನಿ. ಕಡಲು ನಮ್ಮಪ್ಪನದಲ್ಲ. ಆದರೆ ಮನೆ ತೋರಿಸುವವನನ್ನು ಒಂದು ಮಾತು ಕೇಳಿ, ಮೊದಲು ಇಲ್ಲಿ ಯಾರಿದ್ದರು, ಈಗ ಎಲ್ಲಿದ್ದಾರೆ ಎಂದು. ಉತ್ತರ ನಾನೇ ಕೊಡುತ್ತೇನೆ. ನಾನು ಈಗ ಕುಮಟಾದಲ್ಲಿದ್ದೇನೆ. ಶಾಲೆ ಇನ್ನೂ ಗೋಕರ್ಣದಲ್ಲೇ ಇದೆ. ನಡುವೆ ಮಿರ್ಜಾನ, ಹಿರೇಗುತ್ತಿ, ಮಾದನಗೇರಿ, ಮೂವತ್ತು ಕಿಲೋಮೀಟರ್ ಮೇಲೆ. ಬೆಳಗಿನ ಬಸ್ಸು ತಪ್ಪಿದರೆ ಎಂಟನೇ ಕ್ಲಾಸಿಗೆ ಮೊದಲ ಪೀರಿಯಡ್ ಇಲ್ಲ. ಕಳೆದ ವಾರ ಎರಡು ಸಲ ತಪ್ಪಿತು. ವಿಭಕ್ತಿ ಪಾಠ ತೃತೀಯಾದಲ್ಲೇ ನಿಂತಿದೆ.