ಮನೆಗೆ ಮಾರಿ, ಊರಿಗೆ ಅಗ್ಗ

ಫ್ಲಾಸ್ಕನ್ನು ಟನ್ನಿನ ಲೆಕ್ಕದಲ್ಲಿ ಕೊಳ್ಳುವವರನ್ನು ನಾನಂತೂ ಕಂಡಿಲ್ಲ. ಸರ್ಕಾರ ಮಾತ್ರ ಅದನ್ನು ಹಾಗೇ ತೂಗುತ್ತದೆ. ಚೀನಾದಿಂದ ಬರುವ ಸ್ಟೀಲ್ ಫ್ಲಾಸ್ಕುಗಳ ಮೇಲೆ 2025ರ ಮಾರ್ಚಿನಲ್ಲಿ ಹಾಕಿದ ಸುರಿ ವಿರೋಧಿ (ಆ್ಯಂಟಿ ಡಂಪಿಂಗ್) ಸುಂಕ ಟನ್ನಿಗೆ 1,732 ಡಾಲರ್‌ವರೆಗೆ. ಟನ್ನು ಎಂದಾಗ ಎದೆ ಧಸಕ್ಕೆಂದಿತು. ಆಮೇಲೆ ಕಾಗದ ಪೆನ್ನು ಹಿಡಿದು ಕೂತರೆ, ಅರ್ಧ ಕಿಲೋ ತೂಗುವ ಫ್ಲಾಸ್ಕಿಗೆ ಎಪ್ಪತ್ತೈದು ರೂಪಾಯಿಯ ಆಸುಪಾಸು. ಸುಂಕದ ನೆಪದಲ್ಲಿ ಅಂಗಡಿಯವರು ಎಷ್ಟು ಏರಿಸುತ್ತಾರೋ, ಅದು ಯಾವ ಗೆಜೆಟ್ಟಿನಲ್ಲೂ ಬರುವುದಿಲ್ಲ.

ಹೆಚ್ಚು ಬೆಲೆ ಹೇಳಿದವನ ಜೊತೆ ಜಗಳ ಕಾಯುವುದು ನಮಗೆ ರೂಢಿ. ಕಡಿಮೆಗೆ ಕೊಟ್ಟ ಎಂದು ಒಬ್ಬನ ಮೇಲೆ ದೆಹಲಿಯಲ್ಲಿ ವಿಚಾರಣೆ ನಡೆಯುವುದೆಂದರೆ! ತನ್ನ ದೇಶದಲ್ಲಿ ತುಟ್ಟಿಯಾಗಿ ಮಾರುವ ಸರಕನ್ನು ನಮಗೆ ಅಗ್ಗಕ್ಕೆ ಕಳಿಸಿ, ಅದರಿಂದ ಇಲ್ಲಿನ ಕಾರ್ಖಾನೆಗಳಿಗೆ ಪೆಟ್ಟು ಬಿದ್ದರೆ ಈ ಸುಂಕ. ಮನೆಗೆ ಮಾರಿ, ಊರಿಗೆ ಉಪಕಾರಿ ಎಂಬ ಗಾದೆಯೇ ಕಸ್ಟಮ್ಸ್ ಸುಂಕ ಕಾಯ್ದೆಯಲ್ಲಿ 9ಎ ಕಲಮಾಗಿ ಕೂತಿದೆ. ಉಪಕಾರದ ಹಣ ಅಲ್ಲಿನ ಸರ್ಕಾರದ ಸಬ್ಸಿಡಿಯಾಗಿದ್ದರೆ ಅದಕ್ಕೆ ಬೇರೆ ಕಲಮು, ಬೇರೆ ಸುಂಕ. ಚೀನಾದವರು ತಮ್ಮೂರಿನ ಬೆಲೆ ಇಷ್ಟು ಎಂದರೆ ನಮ್ಮ ಅಧಿಕಾರಿಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಮೂರನೆಯ ದೇಶದ ಬೆಲೆಯನ್ನೋ, ಇಲ್ಲಿನ ಖರ್ಚನ್ನೋ ಮುಂದಿಟ್ಟು, ನಿಮ್ಮಲ್ಲಿ ಇಷ್ಟಾಗಬೇಕಿತ್ತು ಎಂದು ತಾವೇ ಹೇಳುತ್ತಾರೆ.

ಈ ಸುಂಕದ ಆಟವನ್ನು ಚೆನ್ನಾಗಿ ಆಡಿ ತೋರಿಸಿದ್ದು ಅಮೆರಿಕದ ವಾಷಿಂಗ್ ಮೆಷಿನ್. ಸ್ಯಾಮ್‌ಸಂಗ್, ಎಲ್‌ಜಿ ವಿರುದ್ಧ ವರ್ಲ್‌ಪೂಲ್ ಎಂಬ ಅಲ್ಲಿನ ಕಂಪನಿ ದೂರು ಕೊಟ್ಟಿತು. 2013ರಲ್ಲಿ ಕೊರಿಯಾ, ಮೆಕ್ಸಿಕೋದಿಂದ ಬರುವ ಯಂತ್ರಗಳಿಗೆ ಸುಂಕ ಬಿತ್ತು. ಕಂಪನಿಗಳು ಚೀನಾಕ್ಕೆ ಗಂಟುಮೂಟೆ ಕಟ್ಟಿದವು. ಸುಂಕವೂ ಬೆನ್ನುಹತ್ತಿ ಚೀನಾಕ್ಕೆ ಹೋಯಿತು. ಅಷ್ಟರಲ್ಲಿ ಯಂತ್ರಗಳು ಥಾಯ್ಲೆಂಡ್, ವಿಯೆಟ್ನಾಂನಲ್ಲಿ! ಕೊನೆಗೆ 2018ರಲ್ಲಿ ಟ್ರಂಪ್ ಸರ್ಕಾರ ಹೆಚ್ಚುಕಡಿಮೆ ಎಲ್ಲ ದೇಶಗಳಿಗೂ ಸುಂಕ ಹಾಕಿ ಕೈತೊಳೆದುಕೊಂಡಿತು. ಬಟ್ಟೆ ಒಗೆಯುವ ಯಂತ್ರದ ಬೆಲೆ ಶೇ 12ರಷ್ಟು ಏರಿತು ಎಂದು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದರು. ಅದು ಸರಿಯೇ. ಆದರೆ ಸುಂಕವೇ ಇಲ್ಲದ, ಬಟ್ಟೆ ಒಣಗಿಸುವ ಯಂತ್ರದ ಬೆಲೆಯೂ ಸುಮಾರು ಅಷ್ಟೇ ಏರಿತ್ತು. ಅಲ್ಲಿ ಎರಡನ್ನೂ ಜೋಡಿಯಾಗಿ ಕೊಳ್ಳುತ್ತಾರೆ. ಜೋಡಿಯಲ್ಲಿ ಒಬ್ಬರಿಗೆ ಬಂದ ಕಷ್ಟವನ್ನು ಮಾರುವವರು ಇಬ್ಬರಿಗೂ ಹಂಚಿದರು. ಸುಮಾರು 1,800 ಹೊಸ ಕೆಲಸಗಳೂ ಹುಟ್ಟಿದವು ನಿಜ. ಒಂದೊಂದಕ್ಕೂ ಕೊಳ್ಳುವವರ ಜೇಬಿನಿಂದ ವರ್ಷಕ್ಕೆ 8 ಲಕ್ಷ ಡಾಲರಿಗೂ ಹೆಚ್ಚು ಹೋಯಿತಂತೆ. ಆ ಹಣ ಸಂಬಳವಾಗಿ ನೌಕರರ ಕೈಗೆ ಬಂದಿದ್ದರೆ ನಾನೂ ಅರ್ಜಿ ಹಾಕುತ್ತಿದ್ದೆ.

ಅಮೆರಿಕದವರನ್ನು ನೋಡಿ ನಗುವುದು ಸುಲಭ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ನಿಂತು ನಗಲು ನನಗೆ ಧೈರ್ಯವಿಲ್ಲ. 2003ರಲ್ಲಿ ಚೀನಾದ ಕಚ್ಚಾ ರೇಷ್ಮೆಯ ಮೇಲೆ ಇದೇ ಸುಂಕ ಬಿದ್ದಾಗ ಅದನ್ನು ಬೇಡಿದವರ ಹಿಂದೆ ಹುಳು ಸಾಕುವ, ನೂಲು ಬಿಚ್ಚುವ ಮನೆಗಳಿದ್ದವು. ಮಗ್ಗದವರಿಗಾದರೋ ಹಾಸಿನ ಎಳೆಗೆ ಚೀನಾದ ಗಟ್ಟಿ ನೂಲೇ ಬೇಕು. ಹೊಕ್ಕಿಗೆ ನಮ್ಮದಾದರೂ ನಡೆಯುತ್ತದೆ. ಒಂದೇ ಸೀರೆಯೊಳಗೆ ವಾದಿ, ಪ್ರತಿವಾದಿ ಇಬ್ಬರೂ! ನನ್ನನ್ನು ಕೇಳಿದರೆ ಹುಳು ಸಾಕುವವರ ಕಡೆ ವಾಲುತ್ತೇನೆ. ಫ್ಲಾಸ್ಕಿನ ವಿಷಯಕ್ಕೆ ಬಂದರೆ ತಟ್ಟನೆ ಗಿರಾಕಿಯಾಗಿಬಿಡುತ್ತೇನೆ.

ಇದನ್ನೆಲ್ಲ ಸೋದರತ್ತೆಗೆ ವಿವರಿಸಿದೆ. ಸೊಪ್ಪಿನವಳ ಜೊತೆ ಎಂಟಾಣೆಗೆ ವಾದ ಮಾಡಿ ಬೆಳೆದವರು ಅವರು.

"ಅಲ್ವೋ, ಅವರೂರಲ್ಲಿ ಅಷ್ಟು ತುಟ್ಟಿಯಾದ್ರೆ ಅಲ್ಲಿಯವರೇ ಇಲ್ಲಿಗೆ ಬಂದು ತಗೊಂಡು ಹೋಗ್ಬಹುದಲ್ಲ?" ಎಂದರು.

ಅರ್ಥಶಾಸ್ತ್ರದ ಪುಸ್ತಕಗಳಲ್ಲೂ ಇದೇ ಪ್ರಶ್ನೆಯಿದೆ. ಹಾಗೆ ವಾಪಸು ಒಯ್ಯಲು ಅಡ್ಡಿಯಿದ್ದರಷ್ಟೇ ಒಂದು ಸರಕಿಗೆ ಎರಡು ಬೆಲೆ ನಿಲ್ಲುತ್ತದೆ. ಪುಸ್ತಕವಿಲ್ಲದೆ ಅಲ್ಲಿಗೆ ತಲುಪಿದವರನ್ನು ಹೊಗಳಿ, ಇಂಥ ತನಿಖೆಯಲ್ಲಿ ಬಳಕೆದಾರರ ಸಂಘದವರೂ ದೆಹಲಿಗೆ ಹೋಗಿ ಅಹವಾಲು ಹೇಳಿಕೊಳ್ಳಬಹುದು, ನಿಯಮದಲ್ಲೇ ಅವಕಾಶವಿದೆ ಎಂದೆ.

"ರೈಲಿನ ಚಾರ್ಜು ಯಾರು ಕೊಡ್ತಾರೆ?" ಎಂದು ಕೇಳಿದರು.